ಯಾರೂ ಹಾಕದ ಬೆಳಕು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ತಾನಾಗಿ ಹೊತ್ತಿಕೊಳ್ಳುವ ದೀಪ ಎಂದೆಲ್ಲ ಯಾರಾದರೂ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಸುರಪುರದ ನಮ್ಮ ಸೋದರತ್ತೆ ಗುಡ್ಡದ ಮೇಲೆ ಬೆಳಕು ಓಡಾಡುವುದನ್ನು ಕಣ್ಣಾರೆ ಕಂಡೆನೆಂದು ಆಣೆ ಮಾಡಿದಾಗ, "ಯಾರೋ ಬ್ಯಾಟರಿ ಹಿಡ್ಕೊಂಡು ಹೊರಕಡಿಗಿ ಹೋಗಿರ್ತಾರ ಬಿಡತ್ತಿ" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಬೆಳಕೇ ನನ್ನ ಕಸುಬು. ಸೊಕ್ಕು ಬಂದದ್ದೂ ಅಲ್ಲಿಂದಲೇ.

ಶಹಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಮನೆ ಕಟ್ಟಿಸುವವರಿಗೆ, ಕಟ್ಟಿದ ಮೇಲೆ ಅದು ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುತ್ತೇನೆ. ಗೋಡೆ, ಗೇಟು ಯಾರು ಬೇಕಾದರೂ ಮಾಡುತ್ತಾರೆ. ದೀಪ ನಿಜವಾಗಿ ಉರಿಯುತ್ತಿದೆ ಎಂದು ನೋಡುವವನ ಕಣ್ಣು ನಂಬಬೇಕಲ್ಲ, ಅದು ಕಷ್ಟ. ಹಸಿರು ದೀಪವೆಂದರೆ ಹೊಸಬರು ಬಲ್ಬಿಗೆಲ್ಲ ಹಸಿರು ಬಳಿದುಬಿಡುತ್ತಾರೆ. ಉರಿಯುವ ದೀಪದ ನಡು ಬಿಳಿ. ಬಣ್ಣ ಇರುವುದು ಅಂಚಿನಲ್ಲಿ, ಪಕ್ಕದ ಗೋಡೆಯ ಮೇಲೆ. ಇನ್ನೊಂದು ಗುಟ್ಟಿದೆ. ನಮ್ಮ ಚಿತ್ರಗಳಲ್ಲಿ ಹೊಳೆಯುವ ಬಲ್ಬು ಬೇರೆ, ಬೆಳಕು ಚೆಲ್ಲುವ ದೀಪ ಬೇರೆ. ಬಲ್ಬಿನ ಹಿಂದೆ ಯಾರಿಗೂ ಕಾಣದಂತೆ ಇನ್ನೊಂದು ದೀಪ ಅಡಗಿಸಿಡುತ್ತೇವೆ. ಎಷ್ಟೇ ಅಡಗಿಸಿದರೂ ಅದರ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಪಟ್ಟಿಯಲ್ಲಿಲ್ಲದ ದೀಪ ಚಿತ್ರದಲ್ಲಿ ಉರಿಯಲಾರದು. ಇದೊಂದು ನೆನಪಿಟ್ಟುಕೊಳ್ಳಿ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಕಡೇಚೂರು ಕಡೆಯ ಒಂದು ಕಾರ್ಖಾನೆಯ ಮ್ಯಾನೇಜರ್ ನನ್ನ ಅಂಗಡಿಗೆ ಬಂದ. ಅವರ ಗೋದಾಮಿನ ಪಕ್ಕದ ಕೋಣೆಗೆ ಬೆಂಕಿ ಬಿದ್ದು, ಕರೆಂಟು ಹೋಗಿ, ಗೋದಾಮಿನ ತುಂಬ ಹೊಗೆ ಹೊಕ್ಕಿತ್ತು. ಒಳಗಿದ್ದ ಕೂಲಿಯವರೆಲ್ಲ ಹೊರಬಂದಿದ್ದರು, ಮುದನಾಳದ ಭೀಮರಾಯ ಮಾತ್ರ ಒಳಗೇ ಸತ್ತಿದ್ದ. ಯಾದಗಿರಿಯಲ್ಲಿ ವಿಚಾರಣೆ ನಡೆಯುತ್ತಿತ್ತು. ಒಳಗೆ ನಿಂತವನಿಗೆ ಬಾಗಿಲು ಹೇಗೆ ಕಾಣುತ್ತಿತ್ತೆಂದು ತೋರಿಸುವ ಚಿತ್ರ ಮ್ಯಾನೇಜರಿಗೆ ಬೇಕಾಗಿತ್ತು.

"ಬಾಗಿಲ ಮ್ಯಾಲ ಹಸರು ದೀಪ ಉರೀತಿತ್ರಿ. ಅದು ಕರೆಂಟು ಹೋದ್ರೂ ಹತ್ತತದ. ಚಂದಾಗಿ ಕಾಣೂಹಂಗ ಮಾಡ್ರಿ. ಆ ಮನಷ್ಯಾ ಕುಡದು ಹಾದಿ ತಪ್ಯಾನ, ಅಷ್ಟ," ಎಂದ.

ಅವನು ಕೊಟ್ಟ ಫೋಟೋದಲ್ಲಿ ಆ ದೀಪ ಮಸಿ ಹಿಡಿದು ಕರ್ರಗಿತ್ತು. ನಿಜವಾಗಿ ಉರಿಯುತ್ತಿತ್ತೇ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಸುಮ್ಮನಾದೆ. ಎರಡು ದಿನ ಕೂತು ಹೊಗೆಯೊಳಗೆ ಹಸಿರು ಬೆಳಕು ಹರಡುವುದನ್ನು ಎಷ್ಟು ಚೆಂದ ಮಾಡಿದೆನೆಂದರೆ, ಮ್ಯಾನೇಜರ್ "ಅರೇ, ಖರೇ ದೀಪ ಇದ್ದಂಗ ಅದಲ್ರಿ!" ಎಂದು ಬೆನ್ನು ತಟ್ಟಿದ. ನಾನೂ ಉಬ್ಬಿಹೋದೆ.

ವಾರ ಕಳೆದು ಮತ್ತೆ ಅವನ ಫೋನು ಬಂತು. ದೀಪ ಇರದಿದ್ದರೆ ಹೇಗಿರುತ್ತಿತ್ತು ಎಂಬುದನ್ನೂ ತೋರಿಸಿ ಎಂದು ವಿಚಾರಣೆಯ ಸಾಹೇಬರು ಹೇಳಿದ್ದರಂತೆ. ಅದೇನು ಮಹಾ ಕೆಲಸ? ಕಿಟಕಿಯಿಲ್ಲದ ಗೋದಾಮು. ಹಸಿರು ದೀಪ ತೆಗೆದೆ, ಅದರ ಹಿಂದೆ ಅಡಗಿಸಿದ್ದನ್ನೂ ಅಳಿಸಿದೆ. ಚಿತ್ರ ಪೂರ್ತಿ ಕಪ್ಪಾಗಿ ಬರಬೇಕು. ಮಟಮಟ ಮಧ್ಯಾಹ್ನವಾದ್ದರಿಂದ, ಹೊರಗಿನ ಬಿಸಿಲು ಪರದೆಯ ಮೇಲೆ ಬೀಳದಿರಲೆಂದು ಅಂಗಡಿಯ ಶಟರ್ ಕೆಳಗೆಳೆದು ಕೂತಿದ್ದೆ.

ಚಿತ್ರ ಬಂತು. ಬಾಗಿಲ ಪಕ್ಕದಲ್ಲಿ, ಮನುಷ್ಯ ಕೈಯೆತ್ತಿ ಹಿಡಿದರೆ ಎಷ್ಟು ಎತ್ತರವೋ ಅಷ್ಟು ಎತ್ತರದಲ್ಲಿ, ಒಂದು ಬಿಳಿ ಬೆಳಕು ಉರಿಯುತ್ತಿತ್ತು. ನಡುವೆ ಕಣ್ಣು ಕುಕ್ಕುವ ಬಿಳಿ, ಅಂಚಿಗೆ ತುಸು ನೀಲಿ, ಸುತ್ತ ಹೊಗೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಅಂಥ ಬೆಳಕನ್ನು ನಾನು ಜನ್ಮದಲ್ಲಿ ಮಾಡಿಲ್ಲ.

"ಎಲ್ಲೋ ಒಂದು ದೀಪ ಮರ್ತಿದಿ ಮಗನ" ಎಂದು ನನ್ನನ್ನೇ ಬೈದುಕೊಂಡು ಪಟ್ಟಿ ತೆರೆದೆ. ಖಾಲಿ ಇತ್ತು. ಇನ್ನೊಮ್ಮೆ ಚಿತ್ರ ಮಾಡಿದೆ. ಬೆಳಕು ಮತ್ತೆ ಬಂತು, ಆದರೆ ಎದೆಮಟ್ಟಕ್ಕೆ ಇಳಿದಿತ್ತು. ಹೊಸ ಫೈಲು ತೆರೆದು ಗೋಡೆ, ಬಾಗಿಲು ಎಲ್ಲ ಮೊದಲಿನಿಂದ ಕಟ್ಟಿದೆ. ದೀಪದ ಸುದ್ದಿಗೇ ಹೋಗಲಿಲ್ಲ. ಈ ಸಲ ಬೆಳಕು ನೆಲದ ಮೇಲಿತ್ತು, ಮೇಲ್ಮುಖವಾಗಿ ಬಿದ್ದುಕೊಂಡು ಉರಿಯುತ್ತಿತ್ತು. ನಾಲ್ಕನೆಯ ಸಲ ಚಿತ್ರ ಕಪ್ಪಗೆ ಬಂತು. ಆಮೇಲೆ ಎಷ್ಟು ಸಲ ಮಾಡಿದರೂ ಕಪ್ಪೇ. ನಾನು ಶಟರ್ ಎತ್ತಿ, ಆ ಸುಡು ಬಿಸಿಲಿನಲ್ಲಿ ರಸ್ತೆಗೆ ಬಂದು ನಿಂತೆ.

ಮ್ಯಾನೇಜರಿಗೆ ಏನನ್ನೂ ಕಳಿಸಲಿಲ್ಲ. ಮರುದಿನ ಬಿಳಿ ಬೆಳಕು ಬಂದಿದ್ದ ಮೂರೂ ಚಿತ್ರಗಳನ್ನು ಮೊಬೈಲಿಗೆ ಹಾಕಿಕೊಂಡು ಮುದನಾಳಕ್ಕೆ ಹೋದೆ. ಭೀಮರಾಯನ ಹೆಂಡತಿ ಅಯ್ಯಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೊಡನೆ ಮೊರ ಕೆಳಗಿಟ್ಟಳು.

"ಆ ಚಿತ್ರ ಮಾಡಿದವ್ರು ನೀವೇನ್ರಿ? ಆಫೀಸಿನ್ಯಾಗ ನನಗೂ ತೋರ್ಸ್ಯಾರ. ಅಷ್ಟು ಬೆಳಕಿತ್ತಂದ್ರ ನನ್ನ ಗಂಡಗ ಬಾಗಿಲಾ ಯಾಕ ಕಾಣಲಿಲ್ರಿ? ಕುಡದಿದ್ದ ಅಂತಾರ. ಅವ ಒಂದಿನಾನೂ ಕುಡದವ ಅಲ್ಲ. ನನಗ ಬ್ಯಾರೆ ಏನೂ ಬ್ಯಾಡ್ರಿ ಯಪ್ಪಾ, ಆ ಮಾತೊಂದು ತಗಸ್ರಿ."

ಅಷ್ಟರಲ್ಲಿ ಪಕ್ಕದ ಮನೆಯವನು ಬಂದ. ಸಾಬಣ್ಣ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಹೇಳುವುದಿಲ್ಲ. ಭೀಮರಾಯನ ಜೊತೆ ಅದೇ ಗೋದಾಮಿನಲ್ಲಿದ್ದು ಬದುಕಿ ಬಂದವನು. ನಾನು ಮೊಬೈಲು ತೆರೆದು ಬಿಳಿ ಬೆಳಕಿನ ಮೊದಲನೆಯ ಚಿತ್ರ ಮುಂದೆ ಹಿಡಿದೆ. ಅವನು ತನ್ನ ಬಲಗೈಯನ್ನು ನಿಧಾನವಾಗಿ ಮೇಲೆತ್ತಿದ.

"ಭೀಮರಾಯ ಹಿಂಗ ಹಿಡ್ಕೊಂಡು ನಿಂತಿದ್ದ. ಮೊಬೈಲಿನ ಬ್ಯಾಟರಿ ಬೆಳಕು. 'ಇತ್ಲಾಗ ಬರ್ರೋ, ಬಾಗಿಲಾ ಇಲ್ಲಿ ಅದ' ಅಂತ ಒದರಾಕತ್ತಿದ್ದ. ಅದನ್ನ ನೋಡ್ಕೋತ ನಾವೆಲ್ಲಾ ಹೊರಗ ಬಂದ್ವಿ. ಆ ಹಸರು ದೀಪ ಎಲ್ಲಿದ್ರಿ, ಅದು ಕೆಟ್ಟು ವರ್ಷ ಆಗಿತ್ತು. ಇನ್ನೂ ಒಬ್ಬ ಒಳಗದಾನ ಅಂತ ಅವ ಅಲ್ಲೇ ನಿಂತ. ಒಳಗ ಯಾರೂ ಇದ್ದಿಲ್ಲ."

ಅಯ್ಯಮ್ಮ ಅವನ ಮುಖವನ್ನೇ ನೋಡಿದಳು. "ಇಷ್ಟು ದಿನಾ ಯಾಕ ಹೇಳಲಿಲ್ಲೋ ತಮ್ಮಾ?"

"ನಾ ಇನ್ನಾ ಅಲ್ಲೇ ದುಡೀತೀನವ್ವಾ," ಎಂದು ಸಾಬಣ್ಣ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟ. ಆಮೇಲೆ ನನ್ನ ಎರಡೂ ಕೈ ಹಿಡಿದು, ತನ್ನ ಹೆಸರು ಎಲ್ಲಿಯೂ ಎತ್ತಬಾರದೆಂದು ಮಾತು ತೆಗೆದುಕೊಂಡ. ಬೆರಳು ತಾಗಿ ಮೊಬೈಲಿನಲ್ಲಿ ಮೂರನೆಯ ಚಿತ್ರ ಬಂದಿತ್ತು, ನೆಲದ ಮೇಲೆ ಬಿದ್ದ ಬೆಳಕು. ಗಾಬರಿಯಿಂದ ಮುಚ್ಚಲು ಹೋದೆ. "ಇರ್ಲಿ, ತಡೀರಿ," ಎಂದು ಅಯ್ಯಮ್ಮ ಅದನ್ನು ಬಹಳ ಹೊತ್ತು ನೋಡಿದಳು.

ಅಲ್ಲಿಂದ ಸೀದಾ ಯಾದಗಿರಿಗೆ ಹೋದೆ. ವಿಚಾರಣೆಯ ಸಾಹೇಬರು ಕೆಟ್ಟವರಲ್ಲ, ಕೂಡಿಸಿ ಮಾತಾಡಿಸಿದರು. ಹಸಿರು ಬೆಳಕು ನನ್ನ ಕೈಚಳಕ, ಹೇಳಿದಂತೆ ಮಾಡಿಕೊಟ್ಟೆ, ತಪ್ಪಾಯಿತು ಎಂದು ಒಪ್ಪಿಕೊಂಡೆ. ದಾರಿಯಲ್ಲಿ ಪ್ರಿಂಟು ಹಾಕಿಸಿದ್ದ ಈ ಮೂರು ಚಿತ್ರಗಳನ್ನೂ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡಿದರು.

"ಹಸರು ಬೆಳಕು ನೀವ ಹಾಕಿದ್ದು ಅಂತೀರಿ. ಸರಿ. ಈ ಬಿಳಿ ಬೆಳಕು ಯಾರು ಹಾಕಿದ್ರು?"

ಕಂಡವರು ಹೇಳಿದ್ದನ್ನು ಕೇಳಿ ನಾನೇ ಹಾಕಿದೆ ಎಂದಿದ್ದರೆ, ಕಂಡವರು ಯಾರು ಎಂದು ಕೇಳುತ್ತಿದ್ದರು. ಮಾತು ಕೊಟ್ಟಿದ್ದೆ. ನಿಜ ಹೇಳೋಣವೆಂದರೆ, ನಿಜ ನನಗೇ ಗೊತ್ತಿರಲಿಲ್ಲ.

"ಗೊತ್ತಿಲ್ರಿ," ಎಂದೆ.

ಅವರು ಚಿತ್ರಗಳನ್ನೆಲ್ಲ ಜೋಡಿಸಿ ನನ್ನ ಕಡೆ ಸರಿಸಿದರು. ಹಸಿರು ದೀಪದ ಮಾತು ವರದಿಯಿಂದ ಹೋಯಿತಂತೆ. ಭೀಮರಾಯ ಕುಡಿದಿದ್ದ ಎಂಬ ಮಾತು ಉಳಿಯಿತು.

ಅಂದಿನಿಂದ ಯಾವ ಮನೆಯ ಚಿತ್ರ ಮಾಡಿದರೂ, ಕೊಡುವ ಮುಂಚೆ ಎಲ್ಲ ದೀಪ ತೆಗೆದು ಒಮ್ಮೆ ನೋಡುತ್ತೇನೆ. ಕಪ್ಪಗೇ ಬರುತ್ತದೆ. ಬಲ್ಲವರಿಗೆ ಆ ಮೂರು ಚಿತ್ರ ತೋರಿಸಿದ್ದೇನೆ. ಕಂಪ್ಯೂಟರಿನ ದೋಷ ಎನ್ನುತ್ತಾರೆ. ದೋಷಕ್ಕೆ ಕೈಯೆತ್ತುವುದು, ಕೈ ಇಳಿಸುವುದು ಹೇಗೆ ಗೊತ್ತು ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಮೊದಲನೆಯ ಚಿತ್ರ ತನಗೆ ಬೇಕೆಂದು ಅಯ್ಯಮ್ಮ ಹೇಳಿಕಳಿಸಿದಳು. ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟುಬಂದೆ. ದೇವರ ಜಗುಲಿಯ ಪಕ್ಕ ತೂಗುಹಾಕಿದ್ದಾಳೆ. ಕರ್ರಗಿನ ಹಾಳೆ, ನಡುವೆ ಒಂದು ಬಿಳಿ ಚುಕ್ಕೆ. ಬಂದವರು ಏನಿದು ಎಂದರೆ, "ನಮ್ಮವರ ಫೋಟೋ" ಎನ್ನುತ್ತಾಳೆ. ಅದರಲ್ಲಿ ಮನುಷ್ಯ ಇಲ್ಲವೆಂದು ನಾನು ಹೇಳಲು ಹೋಗಿಲ್ಲ.