ಠಾಣಾ ಕುಶನೂರಿನಲ್ಲಿ ಒಂದು ಊಟ

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಬೀದರಿನಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಈ ಜಿಲ್ಲೆ ನಮ್ಮ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ದಾಟಿದೆ. ಆದರೂ ಬೀದರಿಗೆ ಹೊರಟಿದ್ದೇನೆ ಎಂದರೆ ಮೈಸೂರಿನ ಜನ ಕಾಶಿಗೆ ಹೊರಟವಳನ್ನು ನೋಡುವ ಹಾಗೆ ನೋಡುತ್ತಾರೆ. ನಮ್ಮತ್ತೆ ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಟ್ಟು, "ಅಲ್ಲಿ ಅನ್ನ ಸಿಗುತ್ತೋ ಇಲ್ಲವೋ" ಎಂದು ನಿಟ್ಟುಸಿರು ಬಿಟ್ಟಿದ್ದರು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರೂ ನಮ್ಮತ್ತೆಯ ಹಾಗೆ "ದಾನ ಮಾಡೋದಾ?" ಎಂದು ಕೇಳುತ್ತಾರೆ. ಕೈ, ಕಾಲು, ಕಣ್ಣು ಕಳೆದುಕೊಂಡವರ ಜೊತೆ ಕೂತು ಮಾತಾಡಿ, ಅವರಿಗೆ ಒಗ್ಗುವ ಉದ್ಯೋಗ ಹುಡುಕಿ, ಅವರ ಮನೆಯವರಿಗೂ ಕೆಲಸ ಕೊಡುವವರಿಗೂ ತಿಳಿಹೇಳುವುದು. ಬಿ.ಎ. ಮುಗಿಸಿದ ಮೇಲೆ ಬೊಂಬಾಯಿಯಲ್ಲಿ ಎರಡು ವರ್ಷ ಇದನ್ನೇ ಓದಿದೆ. ಅಲ್ಲಿ ಪಾಠ ಹೇಳಿದ ನಮ್ಮ ಮೇಷ್ಟ್ರು ಧಾರವಾಡದವರು. ಹೊಸದಾಗಿ ಸೇರಿದ ಜಿಲ್ಲೆಗಳ ಒಬ್ಬರಿಗೆಂದು ಅವರು ಈ ಸಲ ಊಟ, ವಸತಿ ಸಹಿತ ಒಂದು ಸೀಟು ಇಟ್ಟಿದ್ದರು. ಅದನ್ನು ಕೇಳಿದವನು ಒಬ್ಬನೇ, ಔರಾದ ತಾಲೂಕಿನ ಠಾಣಾ ಕುಶನೂರಿನ ಕಾಶಿನಾಥ. ಔರಂಗಾಬಾದಿನಲ್ಲಿ ಬಿ.ಎ. ಮಾಡಿದವನು. ಎತ್ತಿನ ಗಾಡಿಯ ಗಾಲಿ ಮೇಲೆ ಹರಿದು ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು, ಪುಣೆಯಲ್ಲಿ ಮರದ ಕಾಲು ಕೊಟ್ಟಿದ್ದರು.

"ಹೋಗಿ ನೋಡಿ ಬಾ" ಎಂದಿದ್ದರು ಮೇಷ್ಟ್ರು. "ಮುಂಜಾನಿ ಎದ್ದಾಗಿಂದ ಮಲಗೂತನಕಾ ಆ ಕಾಲು ಹಾಕ್ಕೋತಾನೋ ಇಲ್ಲೋ, ಅದೊಂದ ನೋಡು. ತಾನ ಹಾಕ್ಕೊಳ್ಳದಾಂವ ಮತ್ತೊಬ್ಬರಿಗೆ ಹ್ಯಾಂಗ ಹಾಕ್ಕೋ ಅಂತಾನ?" ವಾರದ ಕೊನೆಗೆ ಸಿಕಂದರಾಬಾದಿನಲ್ಲಿ ನಾನು ಅವರನ್ನು ಕಂಡು ವರದಿ ಒಪ್ಪಿಸಬೇಕಿತ್ತು.

ಬೀದರಿನಲ್ಲಿ ಒಂದು ಹಗಲು ಕೋಟೆ ಸುತ್ತಿ, ಮರುದಿನ ಪ್ಯಾಸೆಂಜರ್ ಗಾಡಿಯಲ್ಲಿ ಭಾಲ್ಕಿಗೆ ಹೋದೆ. ಸ್ಟೇಷನ್ನಿನ ಹೊರಗೆ ಉದ್ದಿನ ಚೀಲಗಳ ರಾಶಿ, ಕಬ್ಬಿನ ಗಾಡಿಗಳ ಸಾಲು. ಬಸ್ಸಿನ ಕಂಡಕ್ಟರು ನನ್ನ ಮಾತಿನ ಧಾಟಿ ಕೇಳಿಯೇ, "ಅರೆ, ಮೈಸೂರ ಕಡಿಂದ ಬಂದೀರಿ? ಬೈಠೋಜಿ, ಮುಂದ ಕೂಡ್ರಿ, ಹಿಂದ ಭಾಳ ಧೂಳ ಅದ" ಎಂದು ಜಾಗ ಮಾಡಿಕೊಟ್ಟ. ಟಿಕೇಟು ಹನ್ನೆರಡಾಣೆ. ಮುಂದೆ ಕೂತರೂ ಧೂಳು ಬಿಡಲಿಲ್ಲ, ನನ್ನ ಬಿಳಿ ಸೀರೆ ಕುಶನೂರು ತಲುಪುವ ಹೊತ್ತಿಗೆ ಕಾಫಿ ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ಹೂಬಿಟ್ಟ ತೊಗರಿ ಹೊಲಗಳು ಮಾತ್ರ ಕಣ್ಣಿಗೆ ಹಿತವಾಗಿದ್ದವು.

"ನಮಸ್ಕಾರ್ರಿ ಅಕ್ಕೋರ, ನಾನೇ ಕಾಶಿನಾಥ. ಚೀಲ ಇಲ್ಲಿ ಕೊಡ್ರಿ" ಎಂದು ಎತ್ತರದ ಹುಡುಗನೊಬ್ಬ ಮುಂದೆ ಬಂದ. ಎರಡೂ ಕಾಲಿಗೆ ಪಾಲಿಷ್ ಮಾಡಿದ ಬೂಟು. ನನ್ನ ಚೀಲ ಹೊತ್ತು ಕಲ್ಲುಮುಳ್ಳಿನ ದಾರಿಯಲ್ಲಿ ಎಷ್ಟು ಸಲೀಸಾಗಿ ನಡೆದನೆಂದರೆ, ಏದುಸಿರು ಬಿಟ್ಟವಳು ನಾನೇ. ಇವನಿಗೆ ಸೀಟು ಖಂಡಿತ ಎಂದು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಹೊಸ್ತಿಲವರೆಗೆ. ಕಾಶಿನಾಥ ಕಟ್ಟೆಯ ಮೇಲೆ ಕೂತು, ಪಟ್ಟಿ ಬಿಚ್ಚಿ, ಮರದ ಕಾಲನ್ನು ಬೂಟಿನ ಸಮೇತ ಗೋಡೆಗೆ ಒರಗಿಸಿಟ್ಟ. ಒಂದು ಕೋಲು ಹಿಡಿದು ಒಳಗೆ ಹೋದ.

"ಯಾಕಪ್ಪ ತೆಗೆದೆ?"

"ಬೂಟು ಹಾಕಿದ ಕಾಲು ಒಳಗ ಹ್ಯಾಂಗ ತರೋದ್ರಿ? ಬೂಟು ತೆಗೆದ್ರ ಈ ಕಾಲು ನಿಲ್ಲಂಗಿಲ್ಲ. ಅದಕ್ಕ ಎರಡೂ ಹೊರಗೇ ಇಡ್ತೀನಿ."

"ಹಾಗಾದರೆ ಮನೇಲಿ ಹಾಕ್ಕೊಳ್ಳೋದೇ ಇಲ್ವಾ?"

"ಸಾಲಿಗಿ, ಸಂತಿಗಿ, ಭಾಲ್ಕಿಗಿ ಹೋಗಾಗ ಹಾಕ್ತೀನಿ. ಮನ್ಯಾಗ ಇಲ್ರಿ."

ಅಯ್ಯೋ, ಹೋಯಿತಲ್ಲ ಸೀಟು ಎಂದುಕೊಂಡೆ.

ಅವರು ಹೊಸದಾಗಿ ಬೌದ್ಧರಾದ ಕುಟುಂಬ. ಗೋಡೆಯ ಮೇಲೆ ಬುದ್ಧನ ಪಟ, ನೆಲ ಸಗಣಿ ಸಾರಿಸಿ ಹಸನಾಗಿತ್ತು. ನನಗೆಂದು ಶಾಲೆಯಿಂದ ಕುರ್ಚಿ, ಮೇಜು ತಂದಿಟ್ಟಿದ್ದರು. ಕಾಶಿನಾಥ, ಅವನಪ್ಪ, ತಂಗಿಯರು ದೊಡ್ಡದೊಂದು ಚಾಪೆಯ ಮೇಲೆ ಸಾಲಾಗಿ ಕೂತರು. ನಾನೊಬ್ಬಳೇ ಮೇಲೆ, ನಾಟಕದ ರಾಣಿಯ ಹಾಗೆ. ಬಾಯಿ ಸುಮ್ಮನಿರಬೇಕಲ್ಲ! "ಕಾಲು ಹಾಕ್ಕೊಂಡು ನನ್ನ ಹಾಗೆ ಕುರ್ಚಿ ಮೇಲೆ ಕೂತರೆ ಆಗದಾ?" ಎಂದುಬಿಟ್ಟೆ.

ಉತ್ತರ ಕೊಟ್ಟವಳು ರೊಟ್ಟಿ ಬಡಿಸುತ್ತಿದ್ದ ಅವನ ತಾಯಿ ಲಕ್ಷ್ಮೀಬಾಯಿ. "ಕುಂತಿದ್ದ್ರಿ, ಕಾಲು ಬಂದ ಹೊಸದಾಗ. ಅದು ಹಾಕ್ಕೊಂಡ್ರ ಮೊಣಕಾಲು ಪೂರಾ ಮಡಚಂಗಿಲ್ಲ, ಕೆಳಗ ಕೂಡಾಕ ಬರಂಗಿಲ್ಲ. ನಾವೆಲ್ಲ ಇಲ್ಲಿ, ಇವ ಅಲ್ಲಿ ಗ್ವಾಡಿ ಕಡಿ ಮಾರಿ ಮಾಡಿ ಉಂಡ. ಅವತ್ತು ನಮಗ್ಯಾರಿಗೂ ತುತ್ತು ಗಂಟಲದಾಗ ಇಳೀಲಿಲ್ಲ. ಊರವ್ರು ನಮ್ಮ ಮಂದಿಗಿ ಪಂಗತಿ ಬಿಟ್ಟು ದೂರ ಕೂಡಿಸಿದ್ದು ಸಾಕಾಗ್ಯಾದ ಅಕ್ಕೋರ. ಮನ್ಯಾಗೂ ದೂರ ಕೂಡಬೇಕೇನ್ರಿ?"

ಎದ್ದು ತಟ್ಟೆ ಹಿಡಿದು ಚಾಪೆಗೆ ಬಂದೆ. "ಸೀರಿ ಹೊಲಸಾಗ್ತದ್ರಿ" ಎಂದಳು ಆಕೆ. "ನಿಮ್ಮೂರ ಬಸ್ಸು ಆಗಲೇ ಆ ಕೆಲಸ ಮಾಡಿದೆ, ರೊಟ್ಟಿ ಹಾಕಿ" ಎಂದೆ. ಎಲ್ಲರೂ ನಕ್ಕರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಂದರೆ ನಮ್ಮ ಕಡಲೆಕಾಯಿ ಚಟ್ನಿಪುಡಿ. ಹಿಂಡಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ತಂಗಿಯರು ಬೆಲ್ಲ ತರಲು ಓಡಿದರು. ಖಾರ ಇಲ್ಲದಿದ್ದರೂ ಅವತ್ತು ಅಳುತ್ತಿದ್ದೆ.

ಊಟದ ಮೇಲೆ, ಈ ಓದು ಯಾಕೆ ಬೇಕೆಂದು ಕಾಶಿನಾಥನನ್ನು ಕೇಳಿದೆ. "ಪುಣೇದಾಗ ನಡಿಯೋದು ಕಲಿಸಿದ್ರು, ಮೆಟ್ಟಲ ಹತ್ತೋದು ಕಲಿಸಿದ್ರು. ಭಾಳ ಛಲೋ ಮಂದಿ. ಮನ್ಯಾಗ ಹ್ಯಾಂಗ ಕೂಡ್ತೀ ಅಂತ ಯಾರೂ ಕೇಳಲಿಲ್ರಿ. ನಾ ಕಲಿತು ಬಂದ್ರ ಮೊದಲ ಅದನ್ನ ಕೇಳ್ತೀನಿ" ಎಂದ.

ಮರುದಿನ ಔರಾದಿನ ಬಸ್ಸು ಹತ್ತಿಸಲು ಅವನು ಕಾಲು ಹಾಕಿಕೊಂಡು ಬಂದ. ಇಡೀ ದಿನ ಕಾಲು ಹಾಕಿಕೊಳ್ಳುವವನಿಗೇ ಸೀಟು ಎಂಬ ಮೇಷ್ಟ್ರ ನಿಯಮ ಹೇಳಿದೆ. ಅವನ ಮುಖ ಸಣ್ಣದಾಯಿತು. ನೋಡಲಾಗದೆ, "ಇಡೀ ದಿನ ಹಾಕ್ಕೊಳ್ತಾನೆ ಅಂತ ಹೇಳಿಬಿಡ್ತೀನಿ, ಬಿಡು. ಯಾರು ಬಂದು ನೋಡ್ತಾರೆ?" ಎಂದೆ.

"ಹಾಂಗ ಮಾಡಬ್ಯಾಡ್ರಿ ಅಕ್ಕೋರ. ಇದ್ದದ್ದು ಹೇಳ್ರಿ. ಸುಳ್ಳು ಹೇಳಿ ಹೋದ್ರ, ಅಲ್ಲಿ ಹೋಗಿ ನಾ ಯಾರಿಗಿ ಏನ್ ಕೇಳೋದದ?"

ಬಸ್ಸು ಹೊರಟಿತು. ಔರಾದಿನಲ್ಲಿ ಚಹಾ ಕುಡಿದೆ, ಅದರ ರುಚಿ ನೆನಪಿಲ್ಲ. ಬೀದರಿನಿಂದ ಸಿಕಂದರಾಬಾದಿನವರೆಗೂ ಗಾಡಿಯಲ್ಲಿ ಮನಸ್ಸು ಸರಿಯಿರಲಿಲ್ಲ. ಆ ಹುಡುಗನ ಸೀಟನ್ನು ನನ್ನ ಬಾಯಿಂದಲೇ ಕಳೆಯಲು ಹೊರಟಿದ್ದೇನೆ ಎಂದು ಸಂಕಟವಾಗುತ್ತಿತ್ತು.

ಮೇಷ್ಟ್ರು ಸ್ಟೇಷನ್ನಿನ ಹೋಟೆಲಿನಲ್ಲಿ ಕೂತಿದ್ದರು. "ಹಾಕ್ಕೋತಾನೇನು?" ಎಂದರು.

"ಹೊರಗೆ ಹಾಕ್ಕೊಳ್ತಾನೆ ಸಾರ್. ಮನೇಲಿ ಹಾಕ್ಕೊಳ್ಳಲ್ಲ" ಎಂದೆ. ಲಕ್ಷ್ಮೀಬಾಯಿ ಹೇಳಿದ್ದನ್ನೂ ಕಾಶಿನಾಥ ಹೇಳಿದ್ದನ್ನೂ ಒಂದು ಅಕ್ಷರ ಬಿಡದೆ ಹೇಳಿದೆ. ಅವರು ತಮ್ಮ ಕುರ್ಚಿಯನ್ನು ನೋಡಿದರು, ನನ್ನದನ್ನು ನೋಡಿದರು.

"ಇಷ್ಟು ವರ್ಷ ಎಲ್ಲಾರನೂ ನಡದ ತೋರಸ್ರಿ ಅಂದೆ" ಎಂದರು. "ಕುಂತ ತೋರಸ್ರಿ ಅಂತ ಒಬ್ಬರಿಗೂ ಅನಲಿಲ್ಲ ನೋಡು. ಜೂನದಾಗ ಬರಲಿಕ್ಕೆ ಹೇಳು ಅವಗ."

ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ತಂತಿ ಕೊಡಲು ಎದ್ದು ಓಡಿದವಳನ್ನು ಅವರು ಬಾಗಿಲ ಬಳಿ ಮತ್ತೆ ಕೂಗಿದರು.

"ಬರೂವಾಗ ಒಂದ ಚಾಪಿ ತರಲಿಕ್ಕೆ ಹೇಳು. ನಮ್ಮ ಹಾಸ್ಟೆಲಿನ್ಯಾಗ ಬರೀ ಟೇಬಲ್ಲು. ದೊಡ್ಡ ಚಾಪಿ ಇರ್ಲಿ, ನಾವೂ ಕೂಡಬೇಕಲ್ಲ."