ಐಲಾ ಕಾರ್ವೋನೆನ್ ಮತ್ತು ವೇಷ ಮರೆಸಿದ ಬ್ರೌಸರುಗಳು

ಒಲೆ ಮಾರುವವನ ಕಣ್ಣಿಗೆ ಮನುಷ್ಯರೂ ಒಲೆಗಳ ಹಾಗೇ ಕಾಣುತ್ತಾರೆ. ಮೈ ಎಷ್ಟು ದಪ್ಪ, ಎಷ್ಟು ಸೌದೆ ಬೇಡುತ್ತದೆ, ಹೊಗೆಯನ್ನು ಯಾರ ಮುಖಕ್ಕೆ ಬಿಡುತ್ತದೆ ಎಂದು ಬಾಗಿಲಲ್ಲೇ ನೋಡಿಬಿಡುತ್ತೇನೆ. ಐಲಾ ಕಾರ್ವೋನೆನ್ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ನಾನು ಕಟ್ಟಿದ ಬೆಲೆ ಹೀಗಿತ್ತು: ಹಳೇ ಮಾಲು, ಎರಕ ಗಟ್ಟಿ, ಬಣ್ಣ ಹೋಗಿದೆ, ಕದ ಸ್ವಲ್ಪ ಬಿಗಿ. ಕೊಂಡವನಿಗೆ ನಷ್ಟವಿಲ್ಲ, ಆದರೆ ಮನೆಯಲ್ಲಿ ಎಲ್ಲಿ ಇಡಬೇಕೆಂಬುದನ್ನು ಇವಳೇ ಹೇಳುತ್ತಾಳೆ.

ಅವತ್ತು ಅವಳಿಗೆ ಬೇಕಾಗಿದ್ದದ್ದು ಹಿಮ ಎತ್ತುವ ಸಲಿಕೆ. ನೋಡಿ ತೆಗೆದುಕೊಳ್ಳುತ್ತೇನೆ ಎಂದು ಹೊರಗೆ ಒಯ್ದಳು. ಅಂಗಡಿಯ ಮುಂದಿನ ಹಿಮವನ್ನೆಲ್ಲ ಎತ್ತಿ ಹಾಕಿ, ಒಳಗೆ ಬಂದು, "ಹಿಡಿ ಗಿಡ್ಡ ಆಯ್ತು ಕಣಯ್ಯ ಎಲ್ಮರ್" ಎಂದು ವಾಪಸು ಕೊಟ್ಟಳು. ಅಂಥ ಗಿರಾಕಿ ದಿನವೂ ಬರಲಿ ಎಂದುಕೊಂಡೆ.

ಸುಪೀರಿಯರ್ ಸರೋವರದ ದಂಡೆಯಲ್ಲಿರುವ ನಮ್ಮ ಲಾರ್ಚ್ ಹಾರ್ಬರಿನಲ್ಲಿ ಐಲಾ ಹೈಸ್ಕೂಲಿನ ಟೈಪಿಂಗ್ ಟೀಚರಾಗಿದ್ದವಳು. ನಿವೃತ್ತಳಾದ ಮೇಲೆ ಊರಿನ ಆಡಳಿತ ನಡೆಸುವ ಟೌನ್‌ಶಿಪ್ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಮೇಜು ಹಾಕಿಕೊಂಡಳು. ಶಾಲೆಯವರು, ವಕೀಲರು ಬಿಸಾಡಿದ ಕಂಪ್ಯೂಟರುಗಳನ್ನು ಅಲ್ಲಿ ಬಿಚ್ಚಿ, ಧೂಳು ಹೊಡೆದು, ಕಟ್ಟಿ, ಇಲ್ಲದವರ ಮನೆಗೆ ಕೊಡುತ್ತಿದ್ದಳು. ಶುಕ್ರವಾರ ಹೋದರೆ ಕಾಫಿಯ ಜೊತೆ ಏಲಕ್ಕಿ ಹಾಕಿದ ನಿಸು ಬ್ರೆಡ್ಡೂ ಸಿಗುತ್ತಿತ್ತು. ಎಷ್ಟೋ ಜನ ಕಂಪ್ಯೂಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಬರುತ್ತಿದ್ದರು.

ಊರಿನಲ್ಲಿ ಅವರವರ ಬ್ರೌಸರ್ ಅವರವರಿಗೆ. ಹಲ್ಲಿನ ಡಾಕ್ಟರಿಗೆ ಸಫಾರಿ, ಹುಡುಗರಿಗೆಲ್ಲ ಕ್ರೋಮ್. ನನ್ನ ಅಂಗಡಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಒಂದು, ನನ್ನ ಕಣ್ಣಿಗೆ ಹಿತವಾಗಿರಲೆಂದು ಫೈರ್‌ಫಾಕ್ಸ್ ಇನ್ನೊಂದು. ಐಲಾ ಕೊಟ್ಟ ಮುದಿ ಕಂಪ್ಯೂಟರುಗಳು ಇವುಗಳ ಭಾರವನ್ನು ಹೊರುತ್ತಿರಲಿಲ್ಲ. ಕಾಡಿನ ರಸ್ತೆಗಳ ಕೊನೆಯಲ್ಲಿರುವ ಮನೆಗಳಿಗೆ ಇಂಟರ್ನೆಟ್ಟೂ ತೊಟ್ಟಿಕ್ಕಿದ ಹಾಗೆ ಬರುತ್ತದೆ. ಹಾಗಾಗಿ ಅವಳು ಎಲ್ಲದರಲ್ಲೂ ಲೂನ್ ಎಂಬ ಸಣ್ಣ ಬ್ರೌಸರನ್ನು ಹಾಕಿಕೊಡುತ್ತಿದ್ದಳು. ಯಾರೋ ನಾಲ್ಕು ಜನ ಬಿಡುವಿನಲ್ಲಿ ಮಾಡಿ ಪುಕ್ಕಟೆ ಹಂಚುತ್ತಿದ್ದ ಮಾಲು. ಹಗುರ, ಚುರುಕು.

"ಎಲ್ಲಾರೂ ಒಂದೇ ಇಟ್ಕೊಂಡ್ರೆ ನಿನಗೂ ಕೆಲಸ ಕಮ್ಮಿ ಆಗುತ್ತಲ್ಲ ಟೀಚರಮ್ಮ?" ಎಂದು ಒಮ್ಮೆ ಕೆಣಕಿದೆ.

"ನಿಮ್ಮಪ್ಪ ಮೀನು ಮಾರ್ತಿದ್ದಾಗ ಕಟ್ಟೆ ಮೇಲೆ ಕೊಳ್ಳೋರು ಎಷ್ಟು ಜನ ಇದ್ರು?"

"ಮೂರು."

"ಕೊನೇಗೆ?"

ಕೊನೆಗೆ ಒಬ್ಬನೇ ಉಳಿದಿದ್ದ. ತಕ್ಕಡಿಯೂ ಅವನದು, ಬೆಲೆಯೂ ಅವನದು. ಅಪ್ಪ ದೋಣಿ ಮಾರಿದ್ದು ಆ ವರ್ಷವೇ. ನಾನು ಬಾಯಿಗೆ ಬ್ರೆಡ್ಡು ಹಾಕಿಕೊಂಡೆ.

ಈಗ ವ್ಯಾನಿನವರ ವಿಷಯ. ನನ್ನ ಅಣ್ಣ ರೂಡಿಯ ಮೂತ್ರಪಿಂಡ ಎರಡೂ ಕೆಟ್ಟಿವೆ. ವಾರಕ್ಕೆ ಮೂರು ಸಲ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅವನಂಥವರನ್ನು ಕರೆದೊಯ್ಯಲು ಒಂದು ವ್ಯಾನ್ ಸೇವೆ ಇದೆ. ಮೊದಲು ಫೋನಿನಲ್ಲಿ ಹೆಂಗಸೊಬ್ಬಳು ಹೆಸರು ಬರೆದುಕೊಳ್ಳುತ್ತಿದ್ದಳು. ಅವಳನ್ನು ಕೆಲಸದಿಂದ ತೆಗೆದು ವೆಬ್‌ಸೈಟು ಮಾಡಿದರು. ಈಗ ಫೋನು ಮಾಡಿದರೆ ರೆಕಾರ್ಡು ಮಾಡಿದ ದನಿಯೊಂದು ವೆಬ್‌ಸೈಟಿಗೆ ಹೋಗಿ ಎನ್ನುತ್ತದೆ. ಹೋದರೆ, ನಿಮ್ಮ ಬ್ರೌಸರ್ ಇಲ್ಲಿ ನಡೆಯುವುದಿಲ್ಲ ಎಂದು ಬರುತ್ತಿತ್ತು.

ಬ್ರೌಸರು ಯಾವ ವೆಬ್‌ಸೈಟಿಗೆ ಹೋದರೂ ಬಾಗಿಲಲ್ಲಿ ತನ್ನ ಹೆಸರು ಹೇಳಬೇಕಂತೆ. ವ್ಯಾನಿನವರ ಬಾಗಿಲಲ್ಲಿ ದೊಡ್ಡ ಹೆಸರಿನವರಿಗಷ್ಟೇ ಪ್ರವೇಶ. ಲೂನ್ ಎಂದರೆ ಹೊರಗೆ. ಒಳಗಿನ ಪುಟ ಲೂನ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು ಎಂದು ಐಲಾ ಪತ್ತೆ ಹಚ್ಚಿದಳು. ಬಾಗಿಲಲ್ಲಿ ಹೆಸರು ಕೇಳುವ ಕಾವಲುಗಾರನೊಬ್ಬನೇ ತೊಡಕು. ಅದಕ್ಕೆ ಅವಳು ಲೂನ್‌ಗೆ ವೇಷ ಕಟ್ಟಿದಳು. ಒಂದು ಕಡೆ ಸಣ್ಣ ಬದಲಾವಣೆ ಮಾಡಿದರೆ ಅದು ಬಾಗಿಲಲ್ಲಿ "ನಾನು ಕ್ರೋಮ್" ಎನ್ನುತ್ತದೆ. ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಡುತ್ತಾನೆ.

"ಅರವತ್ತು ದಾಟಿದೋರಿಗೆಲ್ಲ ಸುಳ್ಳು ಹೇಳೋದು ಕಲಿಸ್ತಿದ್ದೀಯ" ಎಂದೆ.

"ಹೆಸರು ತಾನೇ ಬೇರೆ. ಹೋಗೋ ಮನುಷ್ಯ ಅವನೇ" ಎಂದಳು. ಮನೆಮನೆಗೂ ಹೋಗಿ ವೇಷ ಕಟ್ಟಿ ಬಂದಳು. ರೂಡಿಯ ಟ್ರೈಲರ್ ಮನೆಗೂ ಹೋದಳು. ಎರಡು ಚಳಿಗಾಲ ಎಲ್ಲರೂ ಸುಖವಾಗಿ ಓಡಾಡಿದರು.

ಮೂರನೆಯ ಚಳಿಗಾಲದಲ್ಲಿ ವ್ಯಾನಿನವರು ವೆಬ್‌ಸೈಟನ್ನು ಹೊಸದಾಗಿ ಕಟ್ಟಿಸಿದರು. ರೂಡಿ ಎಂದಿನಂತೆ ತೆರೆದ, ದಿನ ಆರಿಸಿದ, ಬಟನ್ ಒತ್ತಿದ. ಏನೂ ಆಗಲಿಲ್ಲ. ನಿಧಾನದ ಲೈನು, ಆಗಿರುತ್ತದೆ ಎಂದುಕೊಂಡು ಮಲಗಿದ. ಬೆಳಿಗ್ಗೆ ರಸ್ತೆಯ ತುದಿಗೆ ಹೋಗಿ ಅಂಚೆ ಡಬ್ಬಿಯ ಪಕ್ಕದಲ್ಲಿ ನಿಂತ. ವ್ಯಾನು ಬರಲಿಲ್ಲ. ಹಿಮಕ್ಕೆ ತಡವಾಗಿರಬೇಕು ಎಂದು ಇನ್ನೂ ನಿಂತ. ಆಮೇಲೆ ಮನೆಗೆ ಹೋದ. ನನಗೆ ಫೋನು ಮಾಡಲಿಲ್ಲ. ತಮ್ಮನ ಹತ್ತಿರ ಉಪಕಾರ ಕೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ ಎನ್ನುವ ಜಾತಿ ಅವನದು.

ಮರುದಿನ ಅವನ ಒಲೆಗೆ ಸೌದೆಯ ಬದಲು ಉರಿಸುವ ಮರದ ಗುಳಿಗೆಗಳ ಚೀಲ ಕೊಡಲು ಹೋದಾಗ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮುಖ ಊದಿತ್ತು. ಮಾತಿನ ನಡುವೆ ಉಸಿರು ಹುಡುಕುತ್ತಿದ್ದ.

"ಮಲಗಕ್ಕಾಗ್ತಿಲ್ಲ. ಮಲಗಿದ್ರೆ ಮುಳುಗಿದ ಹಾಗಾಗುತ್ತೆ."

ಟ್ರಕ್ಕಿಗೆ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಒಂದೇ ಸಲ. "ಬೇಗ ಬೇಗ ಅಂತ ಹಳ್ಳಕ್ಕೆ ಹಾಕ್ಬೇಡ." ಆಸ್ಪತ್ರೆಯವರು ಪುಪ್ಪುಸದಲ್ಲಿ ನೀರು ತುಂಬಿದೆ, ಹೃದಯಕ್ಕೂ ಪೆಟ್ಟಾಗಿದೆ, ಇನ್ನೊಂದು ಸಲ ತಪ್ಪಿಸಿದರೆ ತಮ್ಮಲ್ಲಿಗೆ ತರುವ ಅಗತ್ಯ ಬೀಳದೆ ಇರಬಹುದು ಎಂದರು. ಮರ್ಯಾದೆಯಿಂದ ಹೇಳಿದರು, ಅರ್ಥ ಮಾತ್ರ ಅದೇ.

ಐಲಾ ಸುದ್ದಿ ಕೇಳಿ ರೂಡಿಯ ಮನೆಗೆ ಹೋಗಿ ಕಂಪ್ಯೂಟರ್ ತೆರೆದು ನೋಡಿದಳು. ಹೊಸ ಪುಟದಲ್ಲಿ ಲೂನ್‌ಗೆ ಗೊತ್ತಿಲ್ಲದ ವಿದ್ಯೆಗಳೆಲ್ಲ ಇದ್ದವು. ಬಟನ್ನು ಬರೆದ ಚಿತ್ರದ ಹಾಗೆ ಕಾಣುತ್ತಿತ್ತು, ಒಳಗೆ ಜೀವವಿರಲಿಲ್ಲ. ಕ್ರೋಮ್ ಎಂದು ಹೇಳಿಕೊಂಡು ಬಂದವನಿಗೆ ನಿನ್ನಿಂದಾಗದು ಎಂದು ಯಾರು ಎಚ್ಚರಿಸುತ್ತಾರೆ?

ನಾವಿಬ್ಬರೂ ವ್ಯಾನ್ ಕಚೇರಿಗೆ ಹೋದೆವು. ಮ್ಯಾನೇಜರ್ ಕೀತ್ ಬುಷಾರ್ ಕೆಟ್ಟವನಲ್ಲ. ಕುರ್ಚಿ ಹಾಕಿಸಿದ. ರೂಡಿಯ ಬಗ್ಗೆ ಕೇಳಿ ನಿಜವಾಗಿಯೂ ಮುಖ ಬಾಡಿಸಿಕೊಂಡ. ಆಮೇಲೆ ತನ್ನ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಎರಡು ವರ್ಷ ಯಾವ ಯಾವ ಬ್ರೌಸರಿನಿಂದ ಜನ ಬಂದಿದ್ದರೆಂಬ ಲೆಕ್ಕ ಅದರಲ್ಲಿತ್ತು.

"ಮೇಡಂ, ನೀವೇ ನೋಡಿ. ಕ್ರೋಮ್ ಇದೆ, ಸಫಾರಿ ಇದೆ, ಫೈರ್‌ಫಾಕ್ಸ್ ಚೂರು ಇದೆ. ಲೂನ್ ಎಲ್ಲಿದೆ? ಒಬ್ಬರೂ ಇಲ್ಲ. ಹೊಸದು ಕಟ್ಟಿಸೋ ಮುಂಚೆ ಇದನ್ನ ನೋಡೇ ಕಟ್ಟಿಸಿದ್ದು. ಇಲ್ಲದೇ ಇರೋರಿಗೆ ಬಾಗಿಲು ಮಾಡಿಸಿ ಅಂದ್ರೆ ನಮ್ಮ ಆಡಳಿತ ಬೋರ್ಡಿನವರಿಗೆ ನಾನು ಏನು ಹೇಳ್ಲಿ?"

ನಾನು ವಾದಕ್ಕೆ ತಯಾರಾಗಿದ್ದೆ. ಐಲಾ ಪರದೆಯನ್ನೇ ನೋಡುತ್ತಿದ್ದಳು. "ಬರ್ತೀವಿ" ಎಂದು ಎದ್ದುಬಿಟ್ಟಳು.

ಟ್ರಕ್ಕಿನಲ್ಲಿ ಕೂತ ಮೇಲೆ, "ಯಾಕೆ ಸುಮ್ಮನಾದೆ?" ಎಂದೆ.

"ಅವನ ಲೆಕ್ಕ ಸರಿಯಾಗಿದೆ ಎಲ್ಮರ್. ಲೂನ್ ಎಲ್ಲಿಂದ ಬರುತ್ತೆ? ಎಲ್ಲಾರ ಬಾಯಲ್ಲೂ ಕ್ರೋಮ್ ಅಂತ ಹೇಳ್ಸಿದ್ದು ನಾನು. ಇದ್ದ ಜನಾನ ಇಲ್ಲ ಅನ್ನಿಸಿಬಿಟ್ಟೆ."

ಸಮಾಧಾನದ ಮಾತು ಹುಡುಕಿದೆ. ನನ್ನ ಹತ್ತಿರ ಆ ಸರಕು ಕಡಿಮೆ. ಹೀಟರ್ ಜೋರು ಮಾಡಿದೆ.

ಅವಳ ಉಪಾಯ ಮಾರನೆಯ ದಿನ ಗೊತ್ತಾಯಿತು. ಎಲ್ಲರೂ ವೇಷ ಕಳಚಬೇಕು. ಸ್ವಂತ ಹೆಸರಿನಲ್ಲಿ ದಿನವೂ ವೆಬ್‌ಸೈಟಿನ ಬಾಗಿಲಿಗೆ ಹೋಗಬೇಕು, ಆಗುವುದಿಲ್ಲ ಅನ್ನಿಸಿಕೊಂಡು ಬರಬೇಕು. ಒಳಗೆ ಬಿಡದೆ ವಾಪಸು ಕಳಿಸಿದವರನ್ನೂ ಕೀತ್‌ನ ಲೆಕ್ಕದಲ್ಲಿ ಎಣಿಸುತ್ತಾರೆ. ಅಲ್ಲಿಯವರೆಗೆ ಪಟ್ಟಣಕ್ಕೆ ಹೋಗಲೇಬೇಕಾದವರನ್ನು ನನ್ನ ಟ್ರಕ್ಕು, ಅವಳ ತುಕ್ಕು ಹಿಡಿದ ಕಾರು ಹೊರಬೇಕು. ನನ್ನ ಒಪ್ಪಿಗೆ ಕೇಳಿದಳೆಂದು ನೆನಪಿಲ್ಲ.

ಮನೆಮನೆಗೆ ಅವಳನ್ನು ಕರೆದೊಯ್ದವನು ನಾನು. ಲೋರ್ನಾ ಹಿಲ್ಡನ್ ಚಳಿಗೆ ಕೋಳಿಗಳನ್ನೆಲ್ಲ ಅಡುಗೆಮನೆಗೆ ಸೇರಿಸಿಕೊಂಡಿದ್ದಳು. ಐಲಾ ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡಳು.

"ಅಂದ್ರೆ ದಿನಾ ಹೋಗಿ ಮುಖದ ಮೇಲೆ ಬಾಗಿಲು ಹಾಕಿಸ್ಕೊಂಡು ಬಾ ಅಂತೀಯ?"

"ಹೂಂ."

"ಅದ್ರಿಂದ ಸಿಗೋದೇನು?"

"ಏನೂ ಸಿಗಲ್ಲ. ಬಂದಿದ್ರು ಅಂತ ಗೊತ್ತಾಗುತ್ತೆ."

"ಮೊದಲನೇ ಗಂಡನ ತಾಯಿ ಮನೆಗೆ ಹತ್ತು ವರ್ಷ ಹಂಗೇ ಹೋಗಿದ್ದೀನಿ. ಅಭ್ಯಾಸ ಇದೆ ಬಿಡು" ಎಂದು ಕೋಳಿಯನ್ನು ಕೀಲಿಮಣೆಯಿಂದ ಕೆಳಗಿಳಿಸಿದಳು.

ಎಲ್ಲರೂ ಲೋರ್ನಾ ಅಲ್ಲ. ಗಣಿಯಲ್ಲಿ ದುಡಿದು ಪುಪ್ಪುಸ ಕೆಡಿಸಿಕೊಂಡ ಮುದುಕನೊಬ್ಬ ಬಾಗಿಲು ಅರ್ಧ ತೆರೆದು, "ನಂಗೆ ಬ್ರೌಸರ್ ಬೇಡ ಕಣಮ್ಮ, ಡಾಕ್ಟರ್ ಬೇಕು" ಎಂದ. ಅವನ ಮಗಳು ಆಗಲೇ ಹೊಸ ಟ್ಯಾಬ್ಲೆಟ್ ತಂದುಕೊಟ್ಟಿದ್ದಳು. ಐಲಾ ಕೊಟ್ಟಿದ್ದ ಕಂಪ್ಯೂಟರ್ ಶೂಗಳ ಪಕ್ಕದಲ್ಲಿ ಹೊರಗೆ ಕೂತಿತ್ತು. ಅವಳು ಅದನ್ನು ಎತ್ತಿಕೊಂಡು ಬಂದು ಟ್ರಕ್ಕಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ಅಂಥ ಮನೆಗಳು ಇನ್ನೂ ಸಿಕ್ಕವು. ಅವರನ್ನು ಬೈಯಲು ನನಗೂ ಬಾಯಿ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ರೂಡಿಯೇ ತಕರಾರು ತೆಗೆದ. "ಇವಳ ಯಂತ್ರ ನಂಬಿ ಸಾಯೋಕೆ ಹೋಗಿದ್ದೆ. ಈಗ ಇವಳ ಮಾತು ನಂಬಿ ಬೈಸ್ಕೊಂಡು ಬರ್ಬೇಕಾ?"

ಐಲಾ ಅವನ ಎದುರೇ ಲೂನ್‌ನ ವೇಷ ಕಳಚಿ, ಕಂಪ್ಯೂಟರನ್ನು ಅವನ ಕಡೆ ತಿರುಗಿಸಿಟ್ಟಳು. ಅವನು ತಾನೇ ವ್ಯಾನಿನವರ ವೆಬ್‌ಸೈಟು ತೆರೆದ. ನಡೆಯುವುದಿಲ್ಲ ಎಂದು ಬಂತು. "ನೋಡ್ದಾ?" ಎಂದ. ಮರುದಿನವೂ ತೆರೆದು ನೋಡಿದೆನೆಂದು ಬೈದುಕೊಂಡೇ ಹೇಳಿದ.

ಕೆಲವು ವಾರ ಕಳೆದ ಮೇಲೆ ಕೀತ್‌ನನ್ನು ನೋಡಲು ಹೋದೆವು. ಅವನು ಗಾಬರಿಯಲ್ಲಿದ್ದ. "ಎಲ್ಲಿಂದಲೋ ಇದ್ದಕ್ಕಿದ್ದಂಗೆ ಈ ಲೂನ್ ಅನ್ನೋದು ಬಂದು ಬಾಗಿಲು ಬಡೀತಿದೆ. ಯಾರೋ ಕಿಡಿಗೇಡಿಗಳ ಕೆಲಸ. ಆ ಹೆಸರಲ್ಲಿ ಬರೋದನ್ನೆಲ್ಲ ದೂರದಲ್ಲೇ ತಡೀರಿ, ಲೆಕ್ಕಕ್ಕೂ ತಗೋಬೇಡಿ ಅಂತ ವೆಬ್‌ಸೈಟ್ ಕಟ್ಟಿದೋರಿಗೆ ಹೇಳ್ಬಿಡ್ತೀನಿ ಇವತ್ತು."

ನಾನು ಐಲಾಳನ್ನು ಪಡಸಾಲೆಗೆ ಕರೆದೆ. "ಹಳೇ ಕಥೆ ಎತ್ಬೇಡ. ಜನ ಲೂನ್‌ನ ಈಗ ಹೊಸದಾಗಿ ಶುರು ಮಾಡಿದ್ದಾರೆ ಅಂತ ಹೇಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡ್ಬೇಕು. ವೇಷದ ವಿಷ್ಯ ಬಾಯಿ ಬಿಟ್ರೆ ಟೌನ್‌ಶಿಪ್ಪಿನವರು ನಿನ್ನ ಮೇಜು ಎತ್ತಿಸ್ತಾರೆ."

"ಹೊಸಬರು ಅಂದ್ರೆ ತನಿಖೆ ಮಾಡ್ತೀನಿ ಅಂತಾನೆ. ಅಷ್ಟರಲ್ಲಿ ಬಾಗಿಲು ಮುಚ್ಚಿರ್ತಾನೆ" ಎಂದಳು. "ಅವರು ಎರಡು ವರ್ಷದಿಂದ ಅವನ ವ್ಯಾನಲ್ಲೇ ಕೂತಿದ್ದ ಜನ ಅಂತ ಅವನಿಗೆ ಗೊತ್ತಾಗ್ಬೇಕು. ಅದನ್ನ ಹೇಳೋಕೆ ಬೇರೆ ದಾರಿ ಇದ್ರೆ ಹೇಳು."

ಅವಳು ಒಳಗೆ ಹೋಗಿ ಎಲ್ಲ ಹೇಳಿದಳು. ಯಾರ ಯಾರ ಮನೆಯಲ್ಲಿ ತಾನು ವೇಷ ಕಟ್ಟಿದ್ದೆ, ಹೇಗೆ ಕಟ್ಟಿದ್ದೆ, ರೂಡಿಗೆ ಏನಾಯಿತು, ಎಲ್ಲ. ಕೀತ್ ಗಲ್ಲ ಉಜ್ಜಿಕೊಂಡ.

"ಇದನ್ನ ಬೋರ್ಡಿನ ಮುಂದೆ ಹೇಳ್ತೀರಾ? ನಾನು ಹೇಳಿದ್ರೆ ನಂಬಲ್ಲ."

"ಹೇಳ್ತೀನಿ."

ಹೇಳಿದಳು. ಹಿಮ ಕರಗುವ ಹೊತ್ತಿಗೆ ವ್ಯಾನಿನವರು ಚಿತ್ರವಿಲ್ಲದ, ಬಣ್ಣವಿಲ್ಲದ ಒಂದು ಬೋಳು ಪುಟ ಮಾಡಿಸಿದರು. ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ, ಹೆಸರು ಕೇಳುವುದಿಲ್ಲ. ಅದೇ ತಿಂಗಳು ಟೌನ್‌ಶಿಪ್ಪಿನವರು ಐಲಾಳನ್ನು ಕರೆದು, ಕೇಕು ಕೊಟ್ಟು, ಸೇವೆಗೆ ಧನ್ಯವಾದ ಹೇಳಿ, ನೆಲಮಾಳಿಗೆಯ ಬೀಗದ ಕೈ ಇಸಿದುಕೊಂಡರು. ಜನಕ್ಕೆ ಸುಳ್ಳು ಹೆಸರು ಹೇಳಲು ಕಲಿಸುವ ಜಾಗಕ್ಕೆ ತಮ್ಮ ಕಟ್ಟಡ ಕೊಡುವುದು ಕಷ್ಟ ಎಂದರಂತೆ. ಕೇಕು ಚೆನ್ನಾಗಿತ್ತು ಎಂದು ಮಾತ್ರ ಅವಳು ನನಗೆ ಹೇಳಿದಳು.

ಈಗ ಆ ಕಂಪ್ಯೂಟರುಗಳು ಅವಳ ಸೌನಾದ, ಅಂದರೆ ಬಿಸಿ ಹಬೆಯ ಸ್ನಾನದ ಮನೆಯ, ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದರ ಮೇಲೊಂದು ಕೂತಿವೆ. ಶುಕ್ರವಾರ ಲೋರ್ನಾ ಬರುತ್ತಾಳೆ. ಇನ್ನೊಬ್ಬಿಬ್ಬರು ಬಂದರೆ ಹೆಚ್ಚು. ಅರ್ಧಕ್ಕರ್ಧ ಮನೆಗಳು ಕ್ರೋಮ್‌ಗೆ ಹೋಗಿಬಿಟ್ಟಿವೆ. ಲೂನ್ ಮಾಡುತ್ತಿದ್ದ ನಾಲ್ವರಲ್ಲಿ ಇಬ್ಬರು ಕೈಬಿಟ್ಟಿದ್ದಾರೆಂದೂ, ಇದು ಎಷ್ಟು ದಿನವೋ ಗೊತ್ತಿಲ್ಲವೆಂದೂ ಐಲಾ ಹೇಳುತ್ತಾಳೆ. ರೂಡಿಯ ಹೃದಯ ಮೊದಲಿನ ಹಾಗಿಲ್ಲ. ಮೆಟ್ಟಿಲು ಹತ್ತಿದರೆ ನಿಲ್ಲುತ್ತಾನೆ. ಅವಳನ್ನು ಅವನು ಪೂರ್ತಿ ಕ್ಷಮಿಸಿಲ್ಲ, ಅವಳೂ ಕೇಳಿಕೊಂಡಿಲ್ಲ.

ನನ್ನ ಅಣ್ಣ ಆ ಚಳಿಗಾಲ ಸಾಯುವ ಹಾಗಾಗಿದ್ದಕ್ಕೆ ಅವಳು ಕಟ್ಟಿದ ವೇಷವೂ ಒಂದು ಕಾರಣ. ಅವನು ಇವತ್ತು ವ್ಯಾನು ಹತ್ತಿ ಡಯಾಲಿಸಿಸ್‌ಗೆ ಹೋಗುತ್ತಿರುವುದು, ಆ ವೇಷದ ವಿಷಯವನ್ನು ಅವಳು ಬೋರ್ಡಿನ ಎದುರು ತಾನಾಗಿ ಹೇಳಿ ತನ್ನ ಮೇಜು ಕಳೆದುಕೊಂಡಿದ್ದರಿಂದ. ರೂಡಿ ಬದುಕಿರುವಷ್ಟು ದಿನಗಳಿಗೆ ನಾನು ಐಲಾ ಕಾರ್ವೋನೆನ್‌ಳ ಋಣದಲ್ಲಿದ್ದೇನೆ.