ಹೊಸ್ತಿಲಿಲ್ಲದ ಮನೆ

ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಈಗಲೂ ನಂಬುವುದಿಲ್ಲ. ಆದರೂ ನಡೆದದ್ದನ್ನು ಬರೆಯುತ್ತಿದ್ದೇನೆ. ನಗುವವರು ಧಾರಾಳವಾಗಿ ನಗಲಿ.

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಓವರ್‌ಸಿಯರ್ ಆಗಿದ್ದ ನಾನು ಕುರುಗೋಡಿನ ಗುಡ್ಡದ ಕಡಿದಾದ ಇಳಿಜಾರಿನಲ್ಲಿ ಹೊಸ ಮಾದರಿಯ ಮನೆ ಕಟ್ಟಲು ಹೊರಟೆ. ಕೆಳಗೆ ಕಾಂಕ್ರೀಟ್ ಕಂಬ, ಮೇಲೆ ಚಪ್ಪಟೆ ಛಾವಣಿ, ಬಯಲಿನ ಕಡೆಗೆ ಗೋಡೆಯ ಬದಲು ಉದ್ದಕ್ಕೂ ಗಾಜು. ಪಡಸಾಲೆಯಿಂದ ಹೊರಜಗಲಿಯವರೆಗೆ ನೆಲ ಒಂದೇ ಸಮ ಇರಬೇಕು, ಬಾಗಿಲಿಗೆ ಹೊಸ್ತಿಲು ಕೂಡದು ಎಂದು ಹಟ ಹಿಡಿದೆ. ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಎಂದೆ.

ಹೆಂಡತಿ ನೀಲಮ್ಮ ಬಾಣಂತನಕ್ಕೆ ರಾರಾವಿಯ ತವರಿನಲ್ಲಿದ್ದಳು. ಕರೆತರಲು ಹೋದಾಗ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಹೊಸ್ತಿಲ ಇಲ್ಲದ ಮನಿಗೆ ಕೂಸಿನ್ನ ಕರಕೊಂಡು ನಾ ಬರಾಕಿ ಅಲ್ರಿ. ಅರಿಷಿಣ ಕುಂಕುಮ ಎಲ್ಲಿ ಹಚ್ಚಲಿ? ಒಳಗ ಯಾವುದು, ಹೊರಗ ಯಾವುದು?”

“ಒಂದು ಕಲ್ಲಿನ ಸಲುವಾಗಿ ನಾ ಪ್ಲಾನು ಬದಲಿ ಮಾಡಂಗಿಲ್ಲ,” ಎಂದು ಎದ್ದು ಬಂದೆ. ಮಗಳನ್ನು ಎತ್ತಿಕೊಳ್ಳಲೂ ಇಲ್ಲ. ದಾರಿಯುದ್ದಕ್ಕೂ ಅದೇ ಸಂಕಟ.

ನೇರವಾಗಿ ಗುಡ್ಡ ಹತ್ತಿದಾಗ ಮುಸ್ಸಂಜೆ. ಗಾರೆ ಕೆಲಸದ ಗೌಂಡಿಗಳು ಹೋಗಿದ್ದರು. ಇಳಿಜಾರಿನ ಮೇಲೆ ಚಾಚಿಕೊಂಡಿದ್ದ ಹೊರಜಗಲಿಗೆ ಇನ್ನೂ ಕಾಂಕ್ರೀಟ್ ಬಿದ್ದಿರಲಿಲ್ಲ. ಓಡಾಡಲು ಹಲಗೆ ಹಾಸಿದ್ದರು. ಅದರ ಮೇಲೆ ನಿಂತು ಬಯಲು ನೋಡುವುದು ನನ್ನ ರೂಢಿ. ಸಿಟ್ಟಿನಲ್ಲೇ ಪಡಸಾಲೆಯಿಂದ ಜಗಲಿಯ ಬಾಗಿಲ ಕಡೆಗೆ ದಾಪುಗಾಲು ಹಾಕಿದೆ.

ಬಾಗಿಲಲ್ಲಿ ಹೆಬ್ಬೆರಳು ಕಲ್ಲಿಗೆ ಬಡಿಯಿತು. ಪ್ರಾಣ ಹೋದಂತಾಗಿ, ಕಾಲು ಹಿಡಿದು ಹಿಂದಕ್ಕೆ ಕುಸಿದು ಕೂತೆ. ಆಮೇಲೆ ನೋಡುತ್ತೇನೆ, ಮುಂದೆ ಹಲಗೆಗಳೇ ಇಲ್ಲ! ಮರುದಿನದ ಕೆಲಸಕ್ಕೆಂದು ತೆಗೆದುಬಿಟ್ಟಿದ್ದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೆಳಗಿನ ಬಂಡೆಗಳ ಮೇಲೆ ನನ್ನ ಹೆಣ ಬಿದ್ದಿರುತ್ತಿತ್ತು. ನೆಲವನ್ನು ಕೈಯಿಂದ ಸವರಿದೆ. ನುಣ್ಣಗಿತ್ತು. ಕಲ್ಲಿಲ್ಲ, ಮೊಳೆಯಿಲ್ಲ. ಉಗುರು ಕಿತ್ತು ರಕ್ತ ಮಾತ್ರ ಸುರಿಯುತ್ತಿತ್ತು.

ಬೆಳಿಗ್ಗೆ ಕುಂಟುತ್ತ ರಾರಾವಿಗೆ ಹೋಗಿ ಎಲ್ಲ ಹೇಳಿದೆ. ನೀಲಮ್ಮ ಎದ್ದು ಬಟ್ಟೆಬರೆಯ ಗಂಟು ಕಟ್ಟಿದಳು. ಮನೆಗೆ ಬಂದವಳು, ಜಗಲಿಯ ಕಾಂಕ್ರೀಟ್ ಗಟ್ಟಿಯಾದ ಮೇಲೆ, ಆ ಬಾಗಿಲಲ್ಲಿ ಸೀರೆಯ ನೆರಿಗೆ ಹಿಡಿದು, ಕಾಲನ್ನು ಎತ್ತರಿಸಿ ದಾಟಿದಳು.

“ಅಲ್ಲೇನೂ ಇಲ್ಲ. ನಾ ಇಡಿಸಿಲ್ಲ,” ಎಂದೆ.

“ನೀವು ಇಡಿಸಲಿಲ್ಲಂದ್ರ ಇರಂಗಿಲ್ಲೇನ್ರಿ?”

ಯಾವುದಕ್ಕೆ ಎಡವಿದೆನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕೈಮುಗಿಯುವವನೂ ನಾನಲ್ಲ. ಮಗಳು ಅಂಬೆಗಾಲಿಡುತ್ತ ಮೊದಲ ಸಲ ಆ ಬಾಗಿಲಿಗೆ ಬಂದಾಗ ಗಕ್ಕನೆ ನಿಂತಳು. ಒಂದೊಂದಾಗಿ ಕೈ, ಮಂಡಿ ಮೇಲೆತ್ತಿ, ಏನನ್ನೋ ಹತ್ತಿ ಇಳಿದಂತೆ ಆಚೆ ಹೋದಳು. ನಾನು ಪಕ್ಕದಲ್ಲೇ ಕೂತು ನೋಡಿದೆ.

ಹೊಸ್ತಿಲು ಮಾತ್ರ ಇಡಿಸಲಿಲ್ಲ.